ಹಳೇ ಗಿಟಾರು, ಹಳೇ ಪೇಟಿ

ಕನ್ನಡ ಪಾಠ ಹೇಳುವ ನಾನು ಕರೆಂಟಿನ ಗಿಟಾರಿನ ಬಗ್ಗೆ ಬರೆಯುತ್ತಿದ್ದೇನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುವವರೇ ಹೆಚ್ಚು. ನಗಲಿ. ಒಂದು ವಾದ್ಯವನ್ನು ಸುಧಾರಿಸಲು ಹೋಗಿ ಕೆಡಿಸಿಕೊಂಡ ಅನುಭವ ಅವರಿಗಿಲ್ಲ, ನನಗಿದೆ. ಆ ಕಥೆ ಮುಂದೆ ಬರುತ್ತದೆ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ತೇರು ಎಳೆದಾದ ಮೇಲೂ ಅಲ್ಲಿ ನಾಟಕ ಕಂಪನಿಗಳ ಟೆಂಟುಗಳು ಬಹಳ ದಿನ ನಿಂತಿರುತ್ತವೆಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ನಾನು ಚಿಕ್ಕವಳಿದ್ದಾಗ ರಂಗದ ಮುಂದೆ ಕಾಲುಪೇಟಿ, ತಬಲಾ ಇಷ್ಟೇ. ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ನಾವು ಹೊಕ್ಕ ಟೆಂಟಿನಲ್ಲಿ ಒಬ್ಬ ಹುಡುಗ ಗಿಟಾರು ಹಿಡಿದು ಕುಳಿತಿದ್ದ. ಜನ ಹಾಸ್ಯಪಾತ್ರದ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನಮ್ಮ ಹುಡುಗಿ ಅವನ ಎಡಗೈ ಬೆರಳುಗಳನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ತಿರುಗಿ ಬರುವಾಗ ಮೆಲ್ಲಗೆ, "ದೊಡ್ಡವ್ವಾ, ನಂಗ ಅಂಥಾ ಗಿಟಾರ ಬೇಕು" ಅಂದಳು.

ನನ್ನ ತಂಗಿ ಬಾಗಲಕೋಟೆಯ ನವನಗರದಲ್ಲಿ ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿ, ಜಂಪರು ಹೊಲಿದು ಕೂಡಿಟ್ಟದ್ದು 12,000 ರೂಪಾಯಿ. ಅಷ್ಟರಲ್ಲಿ ಗಿಟಾರೂ ಬರಬೇಕು, ಅದಕ್ಕೆ ದನಿ ಕೊಡುವ ಆಂಪ್ಲಿಫೈಯರೂ ಬರಬೇಕು. ಹೊಸದು ತಂದರೆ ಗಿಟಾರಿಗೇ ದುಡ್ಡು ಮುಗಿದುಹೋಗುತ್ತದೆ. "ಹೆಣ್ಣಹುಡುಗಿಗೆ ಗಿಟಾರ ಯಾಕ? ಪೇಟಿ ಕಲೀಲಿ" ಎಂದವರು ಅವಳ ಅಪ್ಪ. ಹುಬ್ಬಳ್ಳಿಯಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಫೋನಿನಲ್ಲಿ ಬೇರೆಯೇ ಉಪದೇಶ ಕೊಟ್ಟ: "ಯಾವದರ ಅಗ್ಗದ್ದು ತಗೋರಿ ದೊಡ್ಡವ್ವಾ, ಆಮ್ಯಾಲೆ ಪಿಕಪ್ ಬದಲಿ ಮಾಡಿದ್ರಾತು, ಬಿರಡಿ ಬದಲಿ ಮಾಡಿದ್ರಾತು." ಮೊದಲಿನ ಮಾತಿಗೆ ಉತ್ತರ ಕೊಡುವುದು ಸುಲಭವಾಯಿತು, ದುಡ್ಡು ತಂಗಿಯದು. ಎರಡನೆಯ ಮಾತೇ ನನಗೆ ಕಷ್ಟ ಕೊಟ್ಟದ್ದು. ಅದು ಬುದ್ಧಿವಂತಿಕೆಯಂತೆ ಕೇಳಿಸುತ್ತದೆ. ಅಗ್ಗದ ಸೀರೆ ತಂದು ಬಂಗಾರದ ಬಾರ್ಡರ್ ಹಚ್ಚಿಸುವ ಬುದ್ಧಿವಂತಿಕೆ ಅದು, ಎರಡು ಸಲ ಒಗೆದರೆ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ನಮ್ಮ ವಿಜ್ಞಾನದ ಸರ್ ಹತ್ತಿರ ಪಾಠ ಹೇಳಿಸಿಕೊಂಡೆ. ಕರೆಂಟಿನ ಗಿಟಾರಿನ ಹೊಟ್ಟೆ ಪೊಳ್ಳಲ್ಲ, ಗಟ್ಟಿ ಮರ. ತಂತಿಗಳ ಕೆಳಗೆ ಪಿಕಪ್ ಎಂಬುದಿದೆ: ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅಲ್ಲಾಡಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ಪಿಗೆ ಕಿವುಡು. ಎಷ್ಟೇ ಒಳ್ಳೆಯ ಪಿಕಪ್ ಇದ್ದರೂ ಅದು ತಂತಿ ಮಾಡಿದ್ದನ್ನು ಹೇಳುತ್ತದೆ, ಅಷ್ಟೇ. ತಂತಿ ಅಪಸ್ವರ ನುಡಿದರೆ ಅದು ಅಪಸ್ವರವನ್ನೇ ದೊಡ್ಡದು ಮಾಡಿ ಹೇಳುತ್ತದೆ. ಹುಬ್ಬಳ್ಳಿಯ ಹುಡುಗನ ಲೆಕ್ಕ ತಪ್ಪಿದ್ದು ಇಲ್ಲಿ.

ಮೊದಲ ಗಿಟಾರು ನೋಡಿದ್ದು ಬಾಗಲಕೋಟೆಯಲ್ಲೇ. ಕೆಂಪು ಬಣ್ಣ, ಕನ್ನಡಿಯಂತೆ ಹೊಳಪು, ಮೂರು ಪಿಕಪ್ಪು, ಮೂಲದಲ್ಲಿ ಇಲ್ಲದ ಎರಡು ಸ್ವಿಚ್ಚು, ತಲೆಯ ಮೇಲೆ ಫೆಂಡರ್ ಎಂಬ ಅಂಟುಚೀಟಿ. ಚೀಟಿಯ ಒಂದು ತುದಿ ಎದ್ದಿತ್ತು! ಮಾರುವವನು 9,000 ಹೇಳಿದ. "ಭಾಳ ಖರ್ಚ ಮಾಡೀನ್ರಿ ಅಕ್ಕಾರ ಇದಕ್ಕ" ಎಂದ. ಖರ್ಚು ಮಾಡಿದ್ದು ಸುಳ್ಳಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋದಾಗ ಬಾಗಲಕೋಟೆಯವರು ತೊಲೆ, ಕಂಬ, ಬಾಗಿಲ ಚೌಕಟ್ಟು ಮಾರಿದ್ದನ್ನೂ ಕೊಂಡದ್ದನ್ನೂ ನಾನು ನೋಡಿದ್ದೇನೆ. ಕೊಳ್ಳುವವರು ಉಗುರಿನಿಂದ ಗೀರಿ ನೋಡುತ್ತಿದ್ದರೇ ವಿನಾ ಬಣ್ಣ ಯಾವುದೆಂದು ಕೇಳುತ್ತಿರಲಿಲ್ಲ. ನಾನೂ ಹಾಗೆಯೇ ಬಣ್ಣ ಬಿಟ್ಟು ಸ್ವರ ನೋಡಿದೆ.

ಈ ಪರೀಕ್ಷೆಯನ್ನು ಸಂಗೀತ ಬಾರದವರೂ ಮಾಡಬಹುದು. ಗಿಟಾರಿನ ಕುತ್ತಿಗೆಯ ಮೇಲೆ ವೀಣೆಗಿರುವಂತೆ ಮೆಟ್ಟಿಲುಗಳಿವೆ, ಅವರು ಫ್ರೆಟ್ ಅನ್ನುತ್ತಾರೆ. 12ನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬರುತ್ತದೆ. ಅದರ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳು ಸೋಕಿಸಿ ಮೀಟಿದರೆ ಗೆಜ್ಜೆಯಂಥ ತೆಳುವಾದ ಮೇಲಿನ ಷಡ್ಜ ಹುಟ್ಟುತ್ತದೆ. ನಂತರ ಅದೇ ಮೆಟ್ಟಿಲನ್ನು ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾಗಿರಬೇಕು. ಈ ಕೆಂಪು ಗಿಟಾರಿನಲ್ಲಿ ಒತ್ತಿದ ಸ್ವರ ಏರಿತ್ತು. ತುಸು ಏರಿದ್ದರೆ ಚಿಂತೆಯಿಲ್ಲ, ಕುದುರೆಯ ಮೇಲಿನ ಸ್ಕ್ರೂ ತಿರುವಿ ತಂತಿಯ ಉದ್ದ ಸರಿಮಾಡಬಹುದು. ನೋಡಿದರೆ ಸ್ಕ್ರೂ ಆಗಲೇ ಕೊನೆ ಮುಟ್ಟಿತ್ತು. ಯಾರೋ ಸುಧಾರಣೆಯ ಹುಮ್ಮಸ್ಸಿನಲ್ಲಿ ಮೂಲದ ಕುದುರೆ ಕಿತ್ತು, ಮರಕ್ಕೆ ಹೊಸ ತೂತು ಕೊರೆದು ಬೇರೊಂದನ್ನು ಕೂರಿಸಿದ್ದರು, ನಾಲ್ಕೈದು ಮಿಲಿಮೀಟರ್ ಮುಂದಕ್ಕೆ. ಆ ಗಿಟಾರು ಇನ್ನು ಯಾವ ಕಾಲಕ್ಕೂ ಶ್ರುತಿಗೆ ಬರಬೇಕಾದರೆ ತೂತು ಮುಚ್ಚಿ ಮತ್ತೆ ಕೊರೆಯಬೇಕು. ಹುಡುಗಿಗೆ ಆ ಕೆಂಪು ಬಣ್ಣ ಹಿಡಿಸಿತ್ತು. ಮನೆ ಮುಟ್ಟುವವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಹುನಗುಂದದಲ್ಲಿ ಒಂದು 3,000ಕ್ಕೆ ಸಿಗುತ್ತಿತ್ತು. ತಗಡಿನ ಕೋಣೆಯಲ್ಲಿ ಎಷ್ಟೋ ಬೇಸಿಗೆ ಕಳೆದ ಗಿಟಾರು. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು, ತಂತಿಗಳು ಮೆಟ್ಟಿಲಿನಿಂದ ಅಷ್ಟೆತ್ತರಕ್ಕೆ ನಿಂತಿದ್ದವು. ಕುತ್ತಿಗೆಯೊಳಗೆ ಒಂದು ಉಕ್ಕಿನ ಸಲಾಕೆ ಇರುತ್ತದೆ, ಟ್ರಸ್ ರಾಡ್ ಎಂದು ಹೆಸರು. ಅದರ ತಿರುಪನ್ನು ಅಲೆನ್ ಕೀಯಿಂದ ಒಂದು ಸಲಕ್ಕೆ ಕಾಲು ಸುತ್ತು ತಿರುವಿ ಬಾಗನ್ನು ತಿದ್ದಬಹುದು. ಇದರ ತಿರುಪು ಸವೆದು ಗುಂಡಗಾಗಿ ಕೀ ಹಿಡಿಯುತ್ತಲೇ ಇರಲಿಲ್ಲ. ಚಹಾ ಕುಡಿದು ಬಂದೆವು.

ಈಗ ನನ್ನ ಪೇಟಿಯ ಕಥೆ. 1984ರಲ್ಲಿ ನಮ್ಮಪ್ಪ ಇದೇ ಬನಶಂಕರಿ ಜಾತ್ರೆಯಲ್ಲಿ ಒಂದು ಕಂಪನಿಯವರಿಂದ ಹಳೇ ಕೈಪೇಟಿ ತಂದುಕೊಟ್ಟರು. ಎರಡು ಸಾಲು ರೀಡು, ಮೆತ್ತನೆಯ ತಿದಿ. ನನ್ನ ದನಿ ಕಪ್ಪು ನಾಲ್ಕಕ್ಕೆ ಸರಿಯಾಗಿ ಕೂಡುತ್ತಿತ್ತು. ಎರಡು ವರ್ಷ ಅದರ ಜೊತೆ ಹಾಡಿದೆ. ಒಮ್ಮೆ ಊರಿಗೆ ಬಂದ ರಿಪೇರಿಯವನೊಬ್ಬ, "ಇದರ ದನಿ ಸಣ್ಣದೈತಿ, ಮೂರ ಸಾಲ ಮಾಡಿಕೊಡ್ತೀನಿ, ಊರಿಗೇ ಕೇಳಸ್ತೈತಿ" ಎಂದು ಅಪ್ಪನಿಗೆ ಆಸೆ ಹಚ್ಚಿದ. ಹಲಗೆ ಬದಲಿಸಿದ, ಹೊಸ ಸಾಲು ಕೂರಿಸಿದ, ಅದಕ್ಕೆ ಹೊಂದಿಸಲೆಂದು ಹಳೆಯ ರೀಡುಗಳನ್ನೂ ಕೆರೆದ. ಹಿತ್ತಾಳೆಯ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮಾತ್ರ ತಿರುಗಿ ಬರುವುದಿಲ್ಲ. ಪೇಟಿ ಊರಿಗೇ ಕೇಳಿಸುವಂತಾಯಿತು, ಖರೆ. ನನ್ನ ದನಿ ಅದರಡಿ ಮುಚ್ಚಿಹೋಯಿತು. ತಿದಿ ಒತ್ತುವುದೇ ಕೂಲಿಯಾಗಿ, ಹಾಡಲು ಉಸಿರು ಉಳಿಯುತ್ತಿರಲಿಲ್ಲ. ಆ ವರ್ಷದ ಶಾಲೆಯ ಗ್ಯಾದರಿಂಗಿನಲ್ಲಿ ಹಾಡಿದೆ. ಗೆಳತಿಯೊಬ್ಬಳು "ಪೇಟಿ ಭಾಳ ಛಲೋ ಬಾರಿಸಿದಿ" ಎಂದಳು. ಹಾಡಿನ ಮಾತೇ ಎತ್ತಲಿಲ್ಲ. ಮುಂದೆ ನಾನು ಹಾಡಲಿಲ್ಲ. ಯಾರೂ ಬಿಡು ಅನ್ನಲಿಲ್ಲ, ಆದರೆ ಬಿಟ್ಟುಹೋಯಿತು. ಪೇಟಿ ಈಗಲೂ ಅಟ್ಟದ ಮೇಲಿದೆ.

ಹಾಗೆಂದು ವಾದ್ಯವನ್ನು ಮುಟ್ಟಲೇಬಾರದು ಎನ್ನುವ ಮಡಿವಂತಿಕೆ ನನ್ನದಲ್ಲ. ಹಾರ್ಮೋನಿಯಮ್ಮೇ ಯುರೋಪಿನಿಂದ ಬಂದದ್ದು, ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿ ತುಳಿಯುತ್ತಿದ್ದರು. ನೆಲಕ್ಕೆ ಕುಳಿತು ಹಾಡುವ ನಮಗೆ ಬೇಕೆಂದು ಕೋಲ್ಕತ್ತಾದ ದ್ವಾರಕಾನಾಥ ಘೋಷರು ಅದನ್ನು ಕೈಪೇಟಿ ಮಾಡಿದರು. ಮುಂದೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತು. ಮೀಂಡು ಬಾರದ ವಾದ್ಯ, ನಮ್ಮ ಶ್ರುತಿಗಳಿಗೆ ಒಗ್ಗದು ಎಂಬ ದೂರು. ದೂರಿನಲ್ಲಿ ಸತ್ಯವಿತ್ತು. ಆದರೂ ಬಯಲಾಟದ ಕಟ್ಟೆಯಿಂದ ಭಜನಾ ಮೇಳದವರೆಗೆ ಯಾರೂ ಪೇಟಿ ಕೆಳಗಿಡಲಿಲ್ಲ, ಏಕೆಂದರೆ ಅದು ನಮ್ಮ ಕೂಡುವ ರೀತಿಗೆ ಹೊಂದಿಕೊಂಡು ಬದಲಾಗಿತ್ತು. ನಮ್ಮವರೇ ಆದ ಮೈಸೂರು ಚೌಡಯ್ಯನವರನ್ನು ನೆನೆಯಿರಿ. ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಕೂಡಿಸಿ ಏಳು ಮಾಡಿದರು. ದೊಡ್ಡ ಸಭೆ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳದು. ಆ ಕೊರಗಿನಿಂದ ಹುಟ್ಟಿದ ಬದಲಾವಣೆ ಅದು. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ ಕರೆಂಟಿನ ಮ್ಯಾಂಡೊಲಿನ್ನಿನ ಜೋಡಿತಂತಿಗಳನ್ನು ತೆಗೆದು ಐದು ಒಂಟಿ ತಂತಿ ಮಾಡಿಕೊಂಡರು, ಗಮಕ ಎಳೆಯಲು ಜೋಡಿತಂತಿ ಬಿಡುವುದಿಲ್ಲವಲ್ಲ. ವಿಶ್ವಮೋಹನ ಭಟ್ಟರು ಗಿಟಾರಿಗೇ ಚಿಕಾರಿ, ತರಫಿನ ತಂತಿ ಕಟ್ಟಿ ಮೋಹನವೀಣೆ ಎಂದರು, 1994ರಲ್ಲಿ ಗ್ರ್ಯಾಮಿ ತಂದರು. ಇವರೆಲ್ಲ ಮೊದಲು ನುಡಿಸಿದರು. ಎಲ್ಲಿ ಕೈ ತಡೆಯುತ್ತದೆ ಎಂಬುದು ನುಡಿಸುವಾಗ ಗೊತ್ತಾಯಿತು, ಅಲ್ಲಿ ಬದಲಿಸಿದರು. ಹುಬ್ಬಳ್ಳಿಯ ಹುಡುಗ ಹೇಳಿದ್ದು ಗಿಟಾರು ಮನೆಗೆ ಬರುವ ಮೊದಲೇ ಬದಲಿಸುವುದನ್ನು. ಯಾರ ಕೈ ತಡೆದಿದೆ ಎಂದು?

ಮೂರನೆಯ ಗಿಟಾರು ಸಿಕ್ಕಿದ್ದು ಇಳಕಲ್ಲಿನಲ್ಲಿ. ರಸಮಂಜರಿ ಕಾರ್ಯಕ್ರಮಗಳಲ್ಲಿ ಬಾರಿಸುತ್ತಿದ್ದವನು ಈಗ ಕೀಬೋರ್ಡಿಗೆ ಹೋಗಿದ್ದಾನೆ. ನೇಕಾರರ ಓಣಿಯ ಮನೆ. ಕಪ್ಪು ಬಣ್ಣ ಅಲ್ಲಲ್ಲಿ ಕೆತ್ತಿತ್ತು, ಬಲಮೊಳಕೈ ಊರುವ ಜಾಗದಲ್ಲಿ ಮರವೇ ಕಾಣುತ್ತಿತ್ತು. ಮೊದಲ ಮೂರು ಮೆಟ್ಟಿಲು ತುಸು ಸವೆದಿದ್ದವು, ದನಿಯ ಗುಬ್ಬಿ ತಿರುವಿದರೆ ಪರಪರ ಸದ್ದು. ಆದರೆ ಕುತ್ತಿಗೆ ನೇರ. ಒಂದು ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲಿ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ಲಗ್ನಪತ್ರಿಕೆಯ ಕಾಗದ ತೂರುವಷ್ಟೇ ಸಂದು. 12ನೆಯ ಮೆಟ್ಟಿಲಿನಲ್ಲಿ ಆರೂ ತಂತಿ ಒಂದೇ ಮಾತು ಹೇಳಿದವು. ಅವನ ತಾಯಿ ಪಕ್ಕದಲ್ಲೇ ಕುಳಿತು ಸೀರೆಯ ಕೊಂಡಿ ಕೂಡಿಸುತ್ತಿದ್ದಳು, ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆಎಳೆಯಾಗಿ. ಇಳಕಲ್ಲಿನವರು ರೇಷ್ಮೆಯನ್ನು ಎಲ್ಲಿ ಹಾಕಬೇಕೆಂದು ತಿಳಿದವರು. ಗಿಟಾರಿಗೆ ಕುತ್ತಿಗೆಯೇ ಸೆರಗು.

ನಡುವೆ ಒಂದು ಸದ್ದು ಕಾಡಿತು. ಗಿಟಾರು ಸುಮ್ಮನಿದ್ದಾಗಲೂ ಪೆಟ್ಟಿಗೆಯಿಂದ ಗುಂಯ್ ಎಂದು ದುಂಬಿಯ ನಾದ. ಕೆಟ್ಟಿದೆ ಎಂದುಕೊಂಡೆ. ಅವನು ಕುಳಿತಲ್ಲೇ ಮೈ ತಿರುಗಿಸಿದ, ಸದ್ದು ಇಳಿಯಿತು. ಪಕ್ಕದ ಮನೆಯಲ್ಲಿ ಪವರ್‌ಲೂಮು. ಒಂಟಿ ಸುರುಳಿಯ ಪಿಕಪ್ಪು ತಂತಿಯ ಅಲುಗಾಟದ ಜೊತೆಗೆ ಸುತ್ತಲಿನ ಮೋಟಾರು, ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಇದಕ್ಕಾಗಿಯೇ 1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತ ಎದುರುಬದುರು ಸುತ್ತಿದ ಎರಡು ಸುರುಳಿಗಳ ಪಿಕಪ್ ಮಾಡಿದ. ಒಂದು ಹಿಡಿದ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ. ಹಂಬಕರ್ ಅಂತ ಅದರ ಹೆಸರು.

6,000ಕ್ಕೆ ಮಾತು ಮುರಿಯಿತು. ಅವನದೇ ಸಣ್ಣ ಆಂಪ್ಲಿಫೈಯರಿಗೆ 3,500. ಹೊಸ ತಂತಿಗೆ 450, ಗುಬ್ಬಿಗಳ ಪರಪರ ಕಳೆಯುವ ಸ್ಪ್ರೇ ಮತ್ತು ತಾಮ್ರದ ಹಾಳೆಗೆ 350. ವಿಜ್ಞಾನದ ಸರ್ ಒಂದು ರವಿವಾರ ಬಂದು, ಗಿಟಾರಿನ ಹಿಂದಿನ ಮುಚ್ಚಳ ತೆಗೆದು, ಒಳಗೋಡೆಗೆ ಹಾಳೆ ಅಂಟಿಸಿ ಗ್ರೌಂಡ್ ತಂತಿಗೆ ಬೆಸೆದುಕೊಟ್ಟರು. ಕುದುರೆಯನ್ನು ತುಸು ಇಳಿಸಿದೆವು. ತಂತಿ ಎತ್ತರವಾಗಿದ್ದರೆ ಹೊಸ ಕಲಿಕೆಯವರ ಬೆರಳು ಕೊಯ್ದು, ವಾರದಲ್ಲಿ ಬೇಸರ ಬಂದುಬಿಡುತ್ತದೆ. ಈ ಎಲ್ಲವನ್ನೂ ತಿರುಗಿ ಮೊದಲಿನಂತೆ ಮಾಡಬಹುದು. ಎಲ್ಲಿಯೂ ಕೊರೆದಿಲ್ಲ, ಕೆರೆದಿಲ್ಲ.

ಗುಂಯ್ ಸದ್ದು ಅರ್ಧಕ್ಕೆ ಇಳಿಯಿತು, ಹೋಗಲಿಲ್ಲ. ನವನಗರದ ಆ ಎರಡು ಕೋಣೆಯ ಮನೆಯಲ್ಲಿ ಪವರ್‌ಲೂಮಿಲ್ಲ, ತಂಗಿಯ ಹೊಲಿಗೆ ಮಷೀನಿನ ಮೋಟಾರಿದೆ. ಅವ್ವ ಪೆಡಲು ಒತ್ತಿದಳೆಂದರೆ ಮಗಳ ಗಿಟಾರು ಗೊಣಗುತ್ತದೆ. ಹುಡುಗಿ ಈಗ ಗೋಡೆಯ ಕಡೆ ಮುಖ ಮಾಡಿ, ಅಡ್ಡಡ್ಡ ಕುಳಿತು ಬಾರಿಸುತ್ತಾಳೆ; ಅಲ್ಲಿ ಸದ್ದು ಕಡಿಮೆಯೆಂದು ತಾನೇ ಕಂಡುಕೊಂಡಿದ್ದಾಳೆ. ಹಂಬಕರ್ ಹಾಕಿಸುವುದಾದರೆ ಇದೊಂದೇ ಕಾರಣಕ್ಕೆ ಹಾಕಿಸಬೇಕು. ಅದಕ್ಕೆಂದೇ ಉಳಿದ 1,700 ರೂಪಾಯಿಯನ್ನು ನನ್ನ ಕಪಾಟಿನಲ್ಲಿಟ್ಟಿದ್ದೇನೆ, ಅವಳಿಗೆ ಹೇಳಿಲ್ಲ.

ಮೂರು ತಿಂಗಳಾಯಿತು, ಅವಳು ಪಿಕಪ್ ಕೇಳಿಲ್ಲ. ಹೋದ ವಾರ ಕೇಳಿದ್ದು ಬೇರೆ. "ದೊಡ್ಡವ್ವಾ, ಈ ತಂತಿ ಭಾಳ ತೆಳ್ಳಗದಾವ. ಎಳದ್ರ ಸ್ವರ ಜಾರಿ ಮ್ಯಾಲ ಹೋಗಿಬಿಡ್ತೈತಿ. ಒಂದ ನಂಬರ ದಪ್ಪಂದು ತರೋಣೇನ?" ದಪ್ಪ ತಂತಿ ಹಾಕಿದರೆ ಬಿಗಿತ ಹೆಚ್ಚಿ ಕುತ್ತಿಗೆ ತುಸು ಮುಂದೆ ಬಾಗುತ್ತದಂತೆ, ಸಲಾಕೆಯನ್ನು ಕಾಲು ಸುತ್ತು ಬಿಗಿಮಾಡಬೇಕಂತೆ. ವಿಜ್ಞಾನದ ಸರ್ ಹತ್ತಿರ ಅಲೆನ್ ಕೀ ಕೇಳಿದ್ದೇನೆ, ರವಿವಾರ ತರುತ್ತಾರೆ.