ಎರವಲು ಬಿಸಿಲು

ಬಾಂದ್ರಾ–ವರ್ಲಿ ಸಮುದ್ರಸೇತುವನ್ನು 2009ರ ಜೂನ್ 30ರಂದು ಉದ್ಘಾಟಿಸಿದಂದಿನಿಂದ ಅದನ್ನು ಕುರಿತು ಬರೆದವರಲ್ಲಿ ಬಹುಮಂದಿ, ಅದರ ತೂಕ ಐವತ್ತು ಸಾವಿರ ಆಫ್ರಿಕದ ಆನೆಗಳಿಗೆ ಸಮವೆಂದೂ ಅದರ ಉಕ್ಕಿನ ತಂತಿಯನ್ನೆಲ್ಲ ಬಿಡಿಸಿ ಹಾಸಿದರೆ ಭೂಮಂಡಲವನ್ನು ಒಂದು ಸುತ್ತು ಬಳಸುವುದೆಂದೂ ಒಬ್ಬರ ಬಾಯಿಂದೊಬ್ಬರು ಎತ್ತಿಕೊಂಡು ಹೇಳಿದರಲ್ಲದೆ, ವೈಶಾಖದ ಮಧ್ಯಾಹ್ನ ಆ ಸೇತುವೆಯ ಮೈಮೇಲೆ ಬಿದ್ದ ಬಿಸಿಲು ಕಾಂಕ್ರೀಟಿನೊಳಕ್ಕೆ ಎಷ್ಟು ಆಳ ಇಳಿಯುವುದು, ಇಳಿದು ಏನನ್ನು ಮಾಡುವುದು ಎಂದು ಕೇಳಿದವರು ವಿರಳ. ಕೇಳಿದರೆ ಸೇತುವಿನ್ಯಾಸದ ಕಛೇರಿಯ ಯಾವ ತರುಣನೂ ತಲೆಯೆತ್ತದೆಯೇ ಕೊಡುವ ಉತ್ತರ ಒಂದುಂಟು: 17.8 ಡಿಗ್ರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:6 ಎಂಬ ಸಂಹಿತೆಯಲ್ಲಿ ಈ ಸಂಖ್ಯೆಯನ್ನು ನೆತ್ತಿಯಲ್ಲಿ ಧರಿಸಿ ನಿಂತಿರುವ ಪುಟ್ಟ ರೇಖಾಚಿತ್ರಕ್ಕೆ ನಮ್ಮ ಇಂಜಿನಿಯರುಗಳಲ್ಲಿ ಸಲ್ಲುತ್ತಿರುವ ಗೌರವವು ಅದರ ಯೋಗ್ಯತೆಯನ್ನು ಬಹಳವಾಗಿ ಮೀರಿದ್ದೆಂಬುದು ನನ್ನ ಅಭಿಪ್ರಾಯ. ಅದನ್ನು ಸಕಾರಣವಾಗಿ ನಿರೂಪಿಸುವುದಕ್ಕಾಗಿಯೇ ಈ ಬರಹ.

ಮೇಲ್ಮೈ ಕಾದು ತಳ ತಣ್ಣಗಿದ್ದರೆ ತೊಲೆ ಮೇಲಕ್ಕೆ ಬಾಗುವುದೆಂಬುದೂ, ಒಂಟಿ ಅಂಕಣದ ತೊಲೆಗೆ ಹಾಗೆ ಬಾಗುವ ಸ್ವಾತಂತ್ರ್ಯವಿರುವುದೆಂಬುದೂ, ಅನೇಕ ಕಂಬಗಳ ಮೇಲೆ ಅವಿಚ್ಛಿನ್ನವಾಗಿ ಸಾಗುವ ತೊಲೆಯನ್ನು ಅದರ ಸ್ವಭಾರವೇ ನಡುಗಂಬಗಳಿಂದ ಏಳಗೊಡದೆ ಹಿಡಿಯುವುದರಿಂದ, ವಿನ್ಯಾಸಕಾರನು ಸೆಳೆತವನ್ನು ನಿರೀಕ್ಷಿಸದ ಕಂಬದ ನೆತ್ತಿಯ ಬಳಿಯಲ್ಲಿಯೇ ತೊಲೆಯ ತಳದಲ್ಲಿ ಸೆಳೆತ ಹುಟ್ಟುವುದೆಂಬುದೂ ಬಲ್ಲವರಿಗೆ ಬಾಲಬೋಧೆ. ಡಿಗ್ರಿಯೊಂದಕ್ಕೆ ದಶಲಕ್ಷದಲ್ಲಿ 12 ಭಾಗ ಹಿಗ್ಗುವ, 34,000 ಮೆಗಾಪಾಸ್ಕಲ್ ಸ್ಥಿತಿಸ್ಥಾಪಕಾಂಕದ ಕಾಂಕ್ರೀಟಿನಲ್ಲಿ 17.8 ಡಿಗ್ರಿಯ ಹಿಗ್ಗನ್ನು ಪೂರ್ಣವಾಗಿ ತಡೆದರೆ ಸುಮಾರು 7.3 ಮೆಗಾಪಾಸ್ಕಲ್ ಒತ್ತಡವಾಗುವುದು; ಒಳ್ಳೆಯ ಕಾಂಕ್ರೀಟೂ ಸೆಳೆತದಲ್ಲಿ ತಾಳಿಕೊಳ್ಳುವುದು ಅದರ ಅರ್ಧದ ಆಸುಪಾಸಿನಷ್ಟನ್ನು. ಪೂರ್ಣವಾದ ತಡೆ ಎಲ್ಲಿಯೂ ಇರದೆಂಬುದು ನಿಜ. ಆದರೂ ಸಂಗತಿ ಉಪೇಕ್ಷಣೀಯವಲ್ಲ. ಜರ್ಮನಿಯ ಲೆಯೋನ್‌ಹಾರ್ಟ್ ಯಾಗ್‌ಸ್ಟ್ ನದಿಯ ಸೇತುವೆಯ ಬಿರುಕುಗಳನ್ನು ಕಂಡು, ತಾಪಭೇದವು ಪ್ರಿಸ್ಟ್ರೆಸ್ಡ್ ಸೇತುವೆಗಳಿಗೆ ಅಪಾಯಕರವೆಂದು ಸಹೋದ್ಯೋಗಿಗಳೊಡನೆ ಬರೆದದ್ದು 1965ರಲ್ಲಿ. ನ್ಯೂಜಿಲೆಂಡಿನಲ್ಲಿ ಆಕ್ಲೆಂಡಿನ ನ್ಯೂಮಾರ್ಕೆಟ್ ಸೇತುವೆ ಬಿಸಿಲಿಗೆ ಬಿರಿದ ಮೇಲೆ ಪ್ರೀಸ್ಟ್ಲಿ ತಮ್ಮ ವಕ್ರರೇಖೆಯನ್ನು ರಚಿಸಿದರು. ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದಲ್ಲಿ ಮೇರಿ ಎಮರ್ಸನ್ ಸೇತುವೆಯೊಳಗಿನ ತಾಪವಿತರಣೆಯನ್ನು ಲೆಕ್ಕಹಾಕುವ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ಈ ಮೂವರೂ ತಮ್ಮ ತಮ್ಮ ನೆಲದ ಸೇತುವೆಗಳನ್ನು ನೋಡಿ, ತಮ್ಮ ತಮ್ಮ ಆಕಾಶದ ಕೆಳಗೆ ಯೋಚಿಸಿದವರು.

ಇನ್ನು ನಮ್ಮ ಚಿತ್ರ. ಕಾದ ಹಗಲಿನ ರೇಖೆ ಹೀಗಿದೆ: ಡೆಕ್ಕಿನ ನೆತ್ತಿಯಲ್ಲಿ 17.8 ಡಿಗ್ರಿ, ಅಲ್ಲಿಂದ ಹೆಚ್ಚೆಂದರೆ 150 ಮಿಲಿಮೀಟರ್ ಇಳಿಯುವಷ್ಟರಲ್ಲಿ 4.0, ಮತ್ತೆ ಹೆಚ್ಚೆಂದರೆ 250 ಮಿಲಿಮೀಟರ್ ಇಳಿದರೆ ಸೊನ್ನೆ, ಕಟ್ಟಕಡೆಗೆ ತಳದಲ್ಲಿ 2.1. ಆರಿದ ರಾತ್ರಿಯ ರೇಖೆಯಲ್ಲಿ ನೆತ್ತಿಗೆ 10.6, ತಳಕ್ಕೆ 6.6. ಬ್ರಿಟನ್ನಿನ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದವರಿಗೆ, 50 ಮಿಲಿಮೀಟರ್ ಡಾಂಬರು ಹೊದ್ದ ಆಳವಾದ ಕಾಂಕ್ರೀಟ್ ಛೇದಕ್ಕೆಂದು ಅವರು ಕೊಟ್ಟ ಸಂಖ್ಯೆಗಳೇ ದಶಮಾಂಶ ಸಹಿತವಾಗಿ ಇಲ್ಲಿ ಬಂದು ಕುಳಿತಿರುವುದು ಗೋಚರವಾಗುವುದು. ಕೋಷ್ಟಕ ಬರಲಿಲ್ಲ, ಅದರ ಒಂದು ಸಾಲು ಬಂದಿತು. ಅಲ್ಲಿ ಅನೇಕ ಸಂದರ್ಭಗಳ ನಡುವೆ ಒಂದು ಸಂದರ್ಭವಾಗಿದ್ದ ಸಂಖ್ಯೆ, ಇಲ್ಲಿ ಲೇಹದಿಂದ ಕನ್ಯಾಕುಮಾರಿಯವರೆಗೆ ಒಂದೇ ಶಾಸನವಾಯಿತು. ಇದಕ್ಕಿಂತ ವಿಚಿತ್ರವಾದದ್ದೆಂದರೆ, ಅದೇ ಪ್ರಕರಣದಲ್ಲಿ ನೆರಳಿನ ಗಾಳಿಯ ಗರಿಷ್ಠ ಕನಿಷ್ಠ ತಾಪಗಳಿಗಾಗಿ ಭರತಖಂಡದ ನಕ್ಷೆಗಳನ್ನು ಮುದ್ರಿಸಿ ಊರೂರಿಗೆ ಬೇರೆ ಬೇರೆ ಅಂಕ ಕೊಟ್ಟಿರುವುದು. ಗಾಳಿಗೆ ಭೂಗೋಳವುಂಟು, ಬಿಸಿಲಿಗೆ ಇಲ್ಲ! ಅಮೆರಿಕದವರು ಸೂರ್ಯವಿಕಿರಣವನ್ನನುಸರಿಸಿ ತಮ್ಮ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆಂಬುದನ್ನು ನೆನೆದಾಗ ಈ ನಿರ್ಲಕ್ಷ್ಯ ಇನ್ನೂ ಎದ್ದು ಕಾಣುವುದು.

ಮುಂಬಯಿಯ ಬಿಸಿಲು ಇಂಗ್ಲೆಂಡಿನದಕ್ಕಿಂತ ತೀಕ್ಷ್ಣ, ಆದ್ದರಿಂದ 17.8 ಸಾಲದು ಎಂದು ಒಂದೇ ಉಸಿರಿಗೆ ತೀರ್ಮಾನಿಸುವವರೂ ಉಂಟು. ಅವರೊಡನೆ ನಾನು ಸೇರುವವನಲ್ಲ. ಹತ್ತೊಂಬತ್ತು ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಸೂರ್ಯನು ಮೇ ತಿಂಗಳ ನಡುವೆ ನೆತ್ತಿಯ ಮೇಲೆ ನಿಲ್ಲುವುದೂ, ಲಂಡನ್ನಿನಲ್ಲಿ ಜೂನ್ ಮಧ್ಯಾಹ್ನವೂ ಅವನು ಅರುವತ್ತೆರಡು ಡಿಗ್ರಿಯನ್ನು ಮೀರಿ ಏರದಿರುವುದೂ ಸರಿಯೆ; ಆದರೆ ಅಲ್ಲಿನ ಜೂನ್ ಹಗಲು ಹದಿನಾರು ಗಂಟೆಗೆ ಮಿಕ್ಕದ್ದು, ಇಲ್ಲಿನ ಮೇ ಹಗಲು ಹದಿಮೂರರ ಹತ್ತಿರದ್ದು. ಮೇಲಾಗಿ ಸೂರ್ಯನು ಎರಡನೆಯ ಸಲ ನೆತ್ತಿಗೆ ಬರುವ ಜುಲೈ ಕೊನೆಯಲ್ಲಿ ಅವನ ಮುಖವನ್ನು ನೋಡಿದ ಮುಂಬಯಿಕರ ಅಪರೂಪ. ರಾತ್ರಿಯ ರೇಖೆಯ ಕಥೆಯಾದರೂ ಇನ್ನೂ ಸಂದೇಹಾಸ್ಪದ. ನಿರ್ಮಲವಾದ ಒಣ ಆಕಾಶಕ್ಕೆ ಡೆಕ್ ತನ್ನ ಶಾಖವನ್ನು ಸೂಸಿ ಆರಬೇಕು. ತೇವದಿಂದ ತುಂಬಿದ ಕರಾವಳಿಯ ಇರುಳು ಆ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಳಕ್ಕೆ 6.6 ಡಿಗ್ರಿ ಶೈತ್ಯವನ್ನು ಕೊಟ್ಟದ್ದು ಕೆಳಗೆ ಹರಿದಾಡುವ ಚಳಿಗಾಳಿಯ ನಾಡಿಗೆ ಒಪ್ಪತಕ್ಕದ್ದು. ಮಾಹಿಮ್ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ನಿಂತ ಗರ್ಡರಿನ ಹೊಟ್ಟೆಗೆ ಅದು ಎಲ್ಲಿಂದ ಬರಬೇಕು? ಇದಕ್ಕೆ ಪ್ರತಿಯಾಗಿ, ದಿನವೆಲ್ಲ ಕಾದ ಡಾಂಬರಿನ ಮೇಲೆ ಜೂನ್ ಆರಂಭದ ಸಂಜೆ ಏಕಾಏಕಿ ಸುರಿವ ಮೊದಲ ಮಳೆ ಮಾಡುವ ತಂಪು ಬೇರೆಯ ಜಾತಿಯದು: ಥಟ್ಟನೆ ಬರುವಂಥದು, ತೊಗಲಿನಷ್ಟೇ ಆಳದ್ದು. ಆ ಆಕಾರದ ರೇಖೆಗೆ ನಮ್ಮ ಚಿತ್ರದಲ್ಲಿ ಸ್ಥಳವೇ ಇಲ್ಲ.

ಒಂದೇ ಊರಿನೊಳಗಾದರೂ ಬಿಸಿಲು ಒಂದೇ ಆಗಿದೆಯೆ? 2002ರಲ್ಲಿ ತೆರೆದ ಜೆಜೆ ಮೇಲ್ಸೇತುವೆ ಮೊಹಮ್ಮದ್ ಅಲಿ ರಸ್ತೆಯ ಹಳೆಯ ಕಟ್ಟಡಗಳ ಬಾಲ್ಕನಿಗಳನ್ನು ಸವರಿಕೊಂಡು ದಕ್ಷಿಣೋತ್ತರವಾಗಿ ಸಾಗುವುದು. ಬೆಳಗಿನ ಬಿಸಿಲನ್ನು ಪೂರ್ವದ ಮನೆಗಳೂ ಇಳಿಬಿಸಿಲನ್ನು ಪಶ್ಚಿಮದ ಮನೆಗಳೂ ತಡೆಯುವುದರಿಂದ ಅದಕ್ಕೆ ದಕ್ಕುವುದು ನಡುಹಗಲಿನ ಕೆಲವು ತಾಸು. ಸಮುದ್ರಸೇತುವಿಗೆ ಉದಯದಿಂದ ಅಸ್ತದವರೆಗೆ ಅಡ್ಡ ಬರುವವರಿಲ್ಲ; ಸಂಜೆಯ ಓರೆಬಿಸಿಲು ಪಶ್ಚಿಮದ ಪಕ್ಕೆಯನ್ನು ಕಾಯಿಸಿ ಗರ್ಡರನ್ನು ಅಡ್ಡಲಾಗಿ ಬಾಗಿಸುವುದೂ ಉಂಟು. ಎರಡಕ್ಕೂ ನಮ್ಮ ಸಂಹಿತೆ ವಿಧಿಸಿದ್ದು ಮೇಲಿಂದ ಕೆಳಕ್ಕೆ ಎಳೆದ ಅದೇ ಒಂದು ಗೆರೆ. ಕೇಬಲ್ ಸೇತುವೆ ಕಟ್ಟುವ ಸರ್ವೇಯರು ಇದನ್ನು ಚೆನ್ನಾಗಿ ಬಲ್ಲನು. ಬಿಸಿಲೇರಿದ ಮೇಲೆ ತೆಗೆದ ಮಟ್ಟ ಸುಳ್ಳಾಗುವುದೆಂದು ತಿಳಿದೇ ಅವನು ಸೂರ್ಯೋದಯಕ್ಕೆ ಮುನ್ನ, ಮೈಯೆಲ್ಲ ಒಂದೇ ತಾಪದಲ್ಲಿರುವಾಗ, ಅಳತೆ ಮುಗಿಸುವನು. ಅವನ ಅಳತೆಗೆ ಸಿಕ್ಕಿದ ಸೂಕ್ಷ್ಮ ನಕ್ಷೆಗಾರನ ಮೇಜನ್ನು ಮುಟ್ಟಲಿಲ್ಲ.

ಆ ಪ್ರಕರಣದಲ್ಲಿ ಎಲ್ಲರೂ ದಾಟಿಹೋಗುವ, ನನ್ನ ದೃಷ್ಟಿಯಲ್ಲಿ ಚಿತ್ರಕ್ಕಿಂತಲೂ ಮಹತ್ತ್ವದ, ಒಂದು ವಾಕ್ಯವಿದೆ: ಈ ನಿಯಮಗಳು ಸುಮಾರು 50 ಮಿಲಿಮೀಟರ್ ಹೊದಿಕೆಯುಳ್ಳ ಕಾಂಕ್ರೀಟ್ ಡೆಕ್ಕಿಗೆ ಅನ್ವಯಿಸತಕ್ಕವು ಎಂಬ ಆಶಯದ್ದು. ಹೊದಿಕೆ ಬದಲಾದರೆ ಏನಾಗುವುದೆಂಬುದನ್ನು ಬ್ರಿಟನ್ನಿನ ಮೂಲ ಕೋಷ್ಟಕವೇ ಹೇಳುತ್ತದೆ: ಹೊದಿಕೆ 100 ಮಿಲಿಮೀಟರ್ ಆದರೆ ನೆತ್ತಿಯ ಅಂಕ 13.5ಕ್ಕೆ ಇಳಿಯುವುದು; ಡಾಂಬರಿನ ದಪ್ಪವಿಲ್ಲದೆ ಕರಿಯ ಜಲನಿರೋಧಕ ಪೊರೆ ಮಾತ್ರವಿದ್ದರೆ 23.6ಕ್ಕೆ ಏರುವುದು. ಎಂದರೆ ಕಪ್ಪು ಬಣ್ಣ ಶಾಖವನ್ನು ಕರೆಯುವುದು, ದಪ್ಪ ಅದನ್ನು ತಡೆದು ನಿಲ್ಲಿಸುವುದು. ಬಣ್ಣವಿದ್ದು ದಪ್ಪವಿಲ್ಲದ ಸ್ಥಿತಿಯೇ ಎಲ್ಲಕ್ಕಿಂತ ಕ್ರೂರ. ಈಗ ಮುಂಬಯಿಯ ಮೇಲ್ಸೇತುವೆಗಳತ್ತ ನೋಡಿ. ಮಳೆಗಾಲದ ಗುಂಡಿಗಳಿಗೆ ಅಂಜಿ ಕೆಲವೆಡೆ ಮಾಸ್ಟಿಕ್ಕಿನ ಪದರದ ಮೇಲೆ ಪದರ ಏರುವುದು, ಕೆಲವೆಡೆ ಹಳೆಯದನ್ನು ಕೆತ್ತಿ ತೆಗೆಯುವುದು, ಪೊರೆ ಬಳಿದ ಡೆಕ್ ಡಾಂಬರಿಗಾಗಿ ಕಾಯುತ್ತ ಬೇಸಿಗೆಯಲ್ಲಿ ಬಿದ್ದಿರುವುದು — ಈ ಒಂದೊಂದು ಸ್ಥಿತಿಯಲ್ಲಿಯೂ ಪ್ರವಣತೆ ಬೇರೆ. ಸಂಹಿತೆಯ ಆ ವಾಕ್ಯ ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡಿತು. ಅದನ್ನು ಓದದವರದು ಅಪರಾಧ.

ಈ ಚಿತ್ರದ ಪರವಾಗಿ ಹೇಳಬೇಕಾದ ಮಾತೂ ಒಂದುಂಟು. ತಾಪಭೇದವನ್ನು ಲೆಕ್ಕಕ್ಕೇ ತಾರದೆ ಸೇತುವೆಯನ್ನು ಮುಗಿಸಿಬಿಡುವ ಸೋಮಾರಿತನಕ್ಕೆ ಅದು ತೆರೆಯೆಳೆಯಿತು. ಸಂತೋಷ.

ಆದರೆ ಅದರ ವಕೀಲರೊಡನೆ ನನಗೆ ಜಗಳವಿದೆ. ಮಾಟುಂಗದಲ್ಲಿ ನೆಲೆಸಿ ಈ ನಗರದ ಸೇತುವೆಗಳಿಗೆ ದುಡಿದ ನಮ್ಮ ಕನ್ನಡದ ಹಿರಿಯ ಇಂಜಿನಿಯರೊಬ್ಬರು, ಸೇತುವೆಯನ್ನು ಬಿಡಿಬಿಡಿ ಅಂಕಣಗಳಾಗಿ ಕಡಿದು ನಡುನಡುವೆ ಜಾಯಿಂಟು ಬಿಟ್ಟರೆ ತಾಪಭೇದದ ಪ್ರಶ್ನೆಯೇ ಏಳದೆಂದು ಹೇಳುವ ಪಕ್ಷದವರು. ಅವರ ಅನುಭವಕ್ಕೆ ನಮಸ್ಕಾರ. ಹಾಗೆ ಕಡಿದ ಪ್ರತಿ ಜಾಯಿಂಟಿನಲ್ಲಿಯೂ ಬೆಸ್ಟ್ ಬಸ್ಸು ಧಡ್ಡೆನ್ನುವುದನ್ನು ಪ್ರಯಾಣಿಕನು ಬಲ್ಲನು. ಅದೇ ಸಂದಿನಿಂದ ಮಳೆನೀರು ಸೋರಿ ಗರ್ಡರಿನ ತುದಿಯನ್ನೂ ಬೇರಿಂಗನ್ನೂ ತೋಯಿಸುವುದನ್ನು ದುರಸ್ತಿಯವನು ಬಲ್ಲನು. ಮೇಲಾಗಿ, ಒಂಟಿ ಅಂಕಣದಲ್ಲಿಯೂ ವಕ್ರವಾದ ತಾಪರೇಖೆ ಸಮತಲವಾಗಿಯೇ ಉಳಿಯಬೇಕಾದ ಛೇದದೊಳಗೆ ತನ್ನನ್ನು ತಾನೇ ಸರಿದೂಗಿಸಿಕೊಳ್ಳುವ ಒತ್ತಡಗಳನ್ನು ಹುಟ್ಟಿಸದೆ ಬಿಡದು. ಕಡಿದ ಮಾತ್ರಕ್ಕೆ ಅವು ಹೋಗುವುದಿಲ್ಲ.

ಎರಡನೆಯ ಪಕ್ಷದವರು ಕಿರಿಯರು, ಗಣಕಯಂತ್ರದ ಭಕ್ತರು. ತೊಲೆಯನ್ನು ಸಹಸ್ರ ತುಣುಕುಗಳಾಗಿ ಒಡೆದು, ಒಂದೊಂದರ ಒತ್ತಡವನ್ನೂ ಮೂರು ದಶಮಾಂಶ ಸ್ಥಾನದವರೆಗೆ ಗುಣಿಸಿ, ಬಣ್ಣ ಹಚ್ಚಿ ತೋರಿಸುವ ಇವರು ಆ ಮಹಾಗಣಿತದ ಮೂಲಕ್ಕೆ ಊಡುವುದು ಮಾತ್ರ ಅದೇ ಎರವಲು ಸಂಖ್ಯೆಯನ್ನು. ಇದರಿಂದ ಯಾವ ಸೇತುವೆ ಬಿದ್ದಿತೆಂದು ಇವರು ನನ್ನನ್ನು ಕೇಳುವರು. ತಾಪಭೇದ ಬೀಳಿಸುವುದಿಲ್ಲ, ಬಿರಿಸುವುದು. ಬೀಳಲಿಲ್ಲವೆಂಬ ಸಾಕ್ಷ್ಯವನ್ನು ಬಿರಿಯಲಿಲ್ಲವೆಂಬುದಕ್ಕೆ ಒಡ್ಡುವುದು ನ್ಯಾಯವಲ್ಲ. 1973ರ ಠಾಣೆ ಖಾರಿಯ ಸೇತುವೆ ಒಳತಂತಿಗಳ ತುಕ್ಕಿನಿಂದ ನರಳಿ, ಮಗ್ಗುಲಲ್ಲಿ ಇನ್ನೊಂದು ಸೇತುವೆ ಏಳಬೇಕಾಗಿ ಬಂದದ್ದು ಸರ್ವವಿದಿತ. ಅದು ಬಿಸಿಲಿನ ಕೃತ್ಯವೆಂದು ನಾನು ಹೇಳುತ್ತಿಲ್ಲ. ಇಲ್ಲಿನ ಉಪ್ಪುಗಾಳಿ ಒಳಹೊಗಲು ಕೂದಲೆಳೆಯ ಸೀಳು ಸಾಕೆಂದಷ್ಟೇ ಹೇಳುತ್ತಿದ್ದೇನೆ.

ಪ್ರೀಸ್ಟ್ಲಿಯವರ ಸೂತ್ರವನ್ನು ಹೋಲಿಸಿ ನೋಡಿದರೆ ನನ್ನ ಆಕ್ಷೇಪಣೆಯ ತಿರುಳು ಸ್ಪಷ್ಟವಾದೀತು. ಅವರು ನೆತ್ತಿಯ ತಾಪಕ್ಕೆ 32 ಡಿಗ್ರಿಯನ್ನಿಟ್ಟು, ಡಾಂಬರಿನ ಪ್ರತಿ ಮಿಲಿಮೀಟರಿಗೆ 0.2 ಡಿಗ್ರಿಯನ್ನು ಕಳೆಯಿರೆಂದರು. 1,200 ಮಿಲಿಮೀಟರ್ ಆಳದವರೆಗೆ ಅದನ್ನು ಐದನೆಯ ಘಾತದ ವಕ್ರದಲ್ಲಿ ಇಳಿಸಿದರು. ಹೊದಿಕೆಯ ದಪ್ಪ ಅಲ್ಲಿ ಸೂತ್ರದ ಒಳಗೇ ಇದೆ. ನಮ್ಮಲ್ಲಿ ಚಿತ್ರದ ಹೊರಗೆ, ಯಾರೂ ಓದದ ವಾಕ್ಯದಲ್ಲಿದೆ. ಅವರ ಸೂತ್ರದಂತೆ 50 ಮಿಲಿಮೀಟರಿಗೆ 22 ಡಿಗ್ರಿ, 100ಕ್ಕೆ 12, ನಮ್ಮ 17.8 ಇವೆರಡರ ನಡುವೆ ಬೀಳುವುದರಿಂದ ಅದು ಸುರಕ್ಷಿತವಾದ ಮಧ್ಯಮಾರ್ಗವೆಂದು ಕಿರಿಯರ ಪಕ್ಷದಿಂದ ವಾದ ಬಂದಿದೆ. ನಮ್ಮ ಸಂಹಿತೆ ತನ್ನನ್ನು ಕಟ್ಟಿಕೊಂಡಿರುವುದೇ 50ಕ್ಕೆ; ಅಲ್ಲಿ ಇವೆರಡರ ಅಂತರ 4.2 ಡಿಗ್ರಿ, ಮತ್ತು ಆಕ್ಲೆಂಡಿಗಿಂತ ಮುಂಬಯಿ ವಿಷುವದ್ರೇಖೆಗೆ ಹದಿನೆಂಟು ಡಿಗ್ರಿ ಹತ್ತಿರ. ಇಬ್ಬರಲ್ಲಿ ಇಲ್ಲಿಗೆ ಸಲ್ಲುವವರು ಯಾರೆಂಬುದು ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ನೋಡಿ ತೀರುವ ವ್ಯಾಜ್ಯವಲ್ಲ. ಒಂದು ಏಪ್ರಿಲಿನಿಂದ ಮರು ಏಪ್ರಿಲಿನವರೆಗೆ, ಬಾಂದ್ರಾದ ಕಡೆ ಒಂದು ಗರ್ಡರಿನಲ್ಲಿ ಮತ್ತು ಮೊಹಮ್ಮದ್ ಅಲಿ ರಸ್ತೆಯ ಮೇಲೆ ಒಂದರಲ್ಲಿ, ನೆತ್ತಿಗೆ, 50, 150, 400 ಮಿಲಿಮೀಟರ್ ಆಳಗಳಿಗೆ ಹಾಗೂ ತಳಕ್ಕೆ ಒಂದೊಂದು ತಾಪಮಾಪಕವನ್ನು ಹುದುಗಿಸಿ ತಾಸುತಾಸಿಗೆ ಓದಿಟ್ಟುಕೊಳ್ಳಬೇಕು. ಜೂನಿನ ಆ ಮೊದಲ ಮಳೆಯ ಸಂಜೆ ಮಾತ್ರ ಐದೈದು ನಿಮಿಷಕ್ಕೆ.