ಕೈ ಎಂದರೆ ಕೈಯೇ?

ದೇವರಿಗೆ ಹೋಲಿಕೆಯೆಂಬುದೇ ಇಲ್ಲ ಎಂದು ಕುರ್‌ಆನಿನ 42ನೇ ಅಧ್ಯಾಯದ 11ನೇ ಸೂಕ್ತ ಸಾರುತ್ತದೆ. ಅದೇ ಗ್ರಂಥ ಅವನ ಮುಖ, ಕಣ್ಣು, ಕೈಗಳ ಮಾತನ್ನೂ ಆಡುತ್ತದೆ. ಇವೆರಡನ್ನೂ ಹೊಂದಿಸುವುದು ಹೇಗೆಂದು ಶತಮಾನಗಳ ವಾಗ್ವಾದ ನಡೆದಿದೆ. ಕೈಯೆಂದರೆ ಶಕ್ತಿ, ಇಲ್ಲವೇ ಅನುಗ್ರಹ ಎಂದು ಮುತಜಿಲಾ ಪಂಡಿತರು ಅರ್ಥ ಬಿಡಿಸಿದರು. ಈ ವ್ಯಾಖ್ಯಾನಕ್ರಮವೇ ತಾವೀಲ್. ಇಮಾಮ್ ಅಹ್ಮದ್ ಇಬ್ನ್ ಹಂಬಲ್ (ನಿಧನ 855) ಅವರ ಹಾದಿಯವರು ಬಂದ ಮಾತನ್ನು ಬಂದಂತೆಯೇ ಒಪ್ಪಿದರು. ಮುತಜಿಲಾ ಪಾಳೆಯದಿಂದ ಹೊರಬಂದ ಅಶ್ಅರಿ, ಕೈ ಉಂಟು, ಆದರೆ ಹೇಗೆಂದು ಕೇಳಬಾರದು ಎಂಬ 'ಬಿಲಾ ಕೈಫ್' ನಿಲುವನ್ನು ಸಮರ್ಥಿಸಿದರು. ಜಗಳವೆಲ್ಲ ಬಹುಮಟ್ಟಿಗೆ ಒಂದು ಬಿಡಿಪದದ ಸುತ್ತ. ಅರ್ಥವನ್ನು ಹುಡುಕಬೇಕಾದದ್ದು ಪದದಲ್ಲಲ್ಲ, ಇಡೀ ವಾಕ್ಯದಲ್ಲಿ; ಇದಕ್ಕೆ ಕುರ್‌ಆನೇ ಸಾಕ್ಷಿ.

ದೇವರ ಕೈ ಕಟ್ಟಿಹೋಗಿದೆ ಎಂದು ಹಂಗಿಸಿದವರಿಗೆ 5ನೇ ಅಧ್ಯಾಯದ 64ನೇ ಸೂಕ್ತ ಕೊಡುವ ಉತ್ತರ, ಅವನ ಎರಡೂ ಕೈಗಳು ಚಾಚಿಯೇ ಇವೆ ಎಂಬುದು. ಇದನ್ನು 17ನೇ ಅಧ್ಯಾಯದ 29ನೇ ಸೂಕ್ತದ ಜೊತೆಗಿಟ್ಟು ಓದಬೇಕು. ಕೈಯನ್ನು ಕೊರಳಿಗೆ ಬಿಗಿದುಕೊಳ್ಳಬೇಡ, ಪೂರ್ತಿ ಚಾಚಿಬಿಡಲೂ ಬೇಡ ಎಂದು ಅಲ್ಲಿ ಮನುಷ್ಯನಿಗೆ ಬುದ್ಧಿಮಾತು. ಕೊರಳಿನ ಸುತ್ತ ಯಾರೂ ಹಗ್ಗ ಹುಡುಕುವುದಿಲ್ಲ. ಜಿಪುಣತನವೂ ಬೇಡ, ದುಂದೂ ಬೇಡ ಎಂಬುದು ತಾನೇ ತಿಳಿಯುತ್ತದೆ. ಕೈಬಿಚ್ಚಿ ಕೊಡುವ, ಕೈ ಬಿಗಿಹಿಡಿದು ಖರ್ಚು ಮಾಡುವ ಕನ್ನಡಿಗರಿಗೆ ಈ ನುಡಿಗಟ್ಟು ಹೊಸದಲ್ಲ. 'ಕಶ್ಶಾಫ್' ವ್ಯಾಖ್ಯಾನದ ಜಮಖ್ಶರಿ (ನಿಧನ 1144) ಇದನ್ನು ಚೆನ್ನಾಗಿ ಕಂಡಿದ್ದರು: ಭುಜದವರೆಗೆ ತೋಳೇ ಇಲ್ಲದವನು ಧಾರಾಳವಾಗಿ ಕೊಟ್ಟರೂ ಜನ ಅವನ ಕೈಯನ್ನೇ ಹೊಗಳುತ್ತಾರೆ.

ಕೈಗಳ ಲೆಕ್ಕವೂ ಇದನ್ನೇ ಹೇಳುತ್ತದೆ. 628ರ ಹುದೈಬಿಯಾದಲ್ಲಿ ಪ್ರವಾದಿಯವರ ಕೈಹಿಡಿದು ಪ್ರತಿಜ್ಞೆ ಮಾಡಿದವರ ಪ್ರಸಂಗದಲ್ಲಿ (48:10) ದೇವರ ಕೈ ಏಕವಚನ. ಔದಾರ್ಯದ ಮಾತು ಬಂದಾಗ ದ್ವಿವಚನ. ಜಾನುವಾರುಗಳ ಸೃಷ್ಟಿಯಲ್ಲಿ (36:71) ಬಹುವಚನ. ಅವಯವಗಳನ್ನು ಎಣಿಸಹೊರಟವನಿಗೆ ಇದು ತೊಡಕು. ಪ್ರಸಂಗವನ್ನು ನೋಡುವವನಿಗೆ ತೊಡಕೇ ಇಲ್ಲ.

ಆದರೆ ಅಶ್ಅರಿಯ ಆಕ್ಷೇಪ ಹಗುರವಾದದ್ದಲ್ಲ. 38ನೇ ಅಧ್ಯಾಯದ 75ನೇ ಸೂಕ್ತದಲ್ಲಿ ದೇವರು ಆದಮನನ್ನು ತನ್ನೆರಡು ಕೈಗಳಿಂದ ಸೃಷ್ಟಿಸಿದ್ದಾಗಿ, ಆದಮನಿಗೆ ತಲೆಬಾಗಲೊಪ್ಪದ ಇಬ್ಲೀಸನಿಗೆ (ಸೈತಾನನಿಗೆ) ಹೇಳುತ್ತಾನೆ. ಕೈಯೆಂದರೆ ಬರೀ ಶಕ್ತಿಯಾದರೆ ಇಬ್ಲೀಸನೂ ಅದೇ ಶಕ್ತಿಯಿಂದ ಹುಟ್ಟಿದವನು. ಆದಮನ ಹೆಚ್ಚುಗಾರಿಕೆ ಏನು? ಪದಕ್ಕೆ ಪದ ಕೂರಿಸುವ ತಾವೀಲ್ ಇಲ್ಲಿ ಸೋಲುತ್ತದೆ. ಹಾಗೆಂದು ಅವಯವ ಸಿದ್ಧವಾಗುವುದಿಲ್ಲ. ಕೈಯಾರೆ ಬೆಳೆಸಿದ ಗಿಡ ಎಂದಾಗ ನಾವು ಬೆರಳುಗಳ ಸುದ್ದಿ ಹೇಳುವುದಿಲ್ಲ. ಬೇರೆಯವರಿಗೆ ಬಿಡದೆ ತಾನೇ ತೋರಿದ ಅಕ್ಕರೆಯನ್ನು ಹೇಳುತ್ತೇವೆ. 'ಶಕ್ತಿ' ಎಂಬ ಪದದಲ್ಲಿ ಆ ಅಕ್ಕರೆ ಸೋರಿಹೋಗುತ್ತದೆ.

ಇನ್ನೊಂದು ಆಕ್ಷೇಪ ಇಬ್ನ್ ತೈಮಿಯಾ (1263–1328) ಅವರದು: ಕೈಯನ್ನು ರೂಪಕವೆಂದರೆ ಅರಿವು, ಇಚ್ಛೆ, ಕರುಣೆಗಳನ್ನು ಉಳಿಸಿಕೊಳ್ಳಲು ಏನು ಆಧಾರ? ನ್ಯಾಯವಾದ ಪ್ರಶ್ನೆ. 17:29ರಂಥ ಒಳಸಾಕ್ಷ್ಯ ಇರುವಲ್ಲಿ ಮಾತ್ರ ನುಡಿಗಟ್ಟೆಂದು ಓದಬೇಕು, ಇಲ್ಲದಲ್ಲಿ ಸುಮ್ಮನಿರಬೇಕು ಎಂಬುದೇ ಇದಕ್ಕೆ ಉತ್ತರ. ಬಿಲಾ ಕೈಫ್‌ನ ಸಂಯಮಕ್ಕೆ ಬೆಲೆಯಿರುವುದೂ ಅಲ್ಲಿಯೇ. ಸ್ವಾರಸ್ಯವೆಂದರೆ, ಮುಖ್ಯಾರ್ಥ–ಲಕ್ಷ್ಯಾರ್ಥ ಎಂಬ ವಿಭಜನೆಯನ್ನೇ ಒಪ್ಪದ ಇಬ್ನ್ ತೈಮಿಯಾ, ಬಳಕೆಯ ಸಂದರ್ಭವಿಲ್ಲದೆ ಪದಕ್ಕೆ ಅರ್ಥವಿಲ್ಲ ಎಂದು ವಾದಿಸಿದರು. ದೇವರಿಗೆ ತಕ್ಕುದಾದ ಕೈ ಉಂಟೆಂಬ ತೀರ್ಮಾನಕ್ಕೇ ಅವರು ಬಂದು ನಿಂತರು, ನಿಜ. ಅವರ ಸೂತ್ರ ಮಾತ್ರ ಅದಕ್ಕಿಂತ ಮುಂದೆ ಹೋಗುತ್ತದೆ. ಆ ಸೂತ್ರ ಹಿಡಿದು 38:75ನ್ನು ಮತ್ತೆ ಓದಿದರೆ, ಅಲ್ಲಿ ವಿಚಾರಣೆಗೆ ನಿಂತಿರುವುದು ಸೃಷ್ಟಿಕರ್ತನ ಕೈಯಲ್ಲ, ಬಾಗಲೊಪ್ಪದ ಇಬ್ಲೀಸನ ತಲೆ.