ಕೋಪವಿಲ್ಲದ ದ್ವೇಷ

ಕನ್ನಡದಲ್ಲಿ ನಾವು ದ್ವೇಷ ಕಾರುತ್ತೇವೆ, ದ್ವೇಷ ಸಾಧಿಸುತ್ತೇವೆ. ಎರಡು ಮಾತಿನಲ್ಲೂ ಸಿಟ್ಟಿಗೆದ್ದ ಒಬ್ಬ ಮನುಷ್ಯ ಇದ್ದಾನೆ. ಅವನೆದುರಿಗೆ ಅವನಷ್ಟೇ ಗಟ್ಟಿಯಾದ ಒಬ್ಬ ವೈರಿಯೂ ಇದ್ದಾನೆ. ದುರ್ಬಲರ ಮೇಲಿನ ಹಿಂಸೆಯನ್ನು ಅರ್ಥ ಮಾಡಿಕೊಳ್ಳುವಾಗ ನಮ್ಮನ್ನು ದಾರಿ ತಪ್ಪಿಸುವುದು ಈ ಚಿತ್ರವೇ ಎಂದು ನನಗೆ ಅನ್ನಿಸುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವದ ಹೊತ್ತಿಗೆ ದಲಿತ ಹುಡುಗನೊಬ್ಬ ದೇವರ ಗುಜ್ಜುಕೋಲು ಮುಟ್ಟಿದ. ಅವನ ಮನೆಯವರಿಗೆ 60,000 ರೂಪಾಯಿ ದಂಡ ಬಿತ್ತು. ಕಟ್ಟದಿದ್ದರೆ ಊರು ಬಿಡಬೇಕೆಂಬ ಮಾತೂ ಬಂತು. ಆ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಪಟ ಇಟ್ಟುಕೊಂಡರು. ಈ ಘಟನೆಯಲ್ಲಿ ಯಾರಿಗಾದರೂ ಸಿಟ್ಟು ಬಂದಿದ್ದಿರಬಹುದು, ಆದರೆ ದಂಡಕ್ಕೆ ಸಿಟ್ಟಿನ ಅಗತ್ಯವಿರಲಿಲ್ಲ. ಸಿಟ್ಟಿಗೆ ಮೊತ್ತ ಇರುವುದಿಲ್ಲ, ಗಡುವು ಇರುವುದಿಲ್ಲ. ದಂಡಕ್ಕೆ ಎರಡೂ ಇರುತ್ತವೆ.

ಮಾಸ್ತಿಯವರು ಇದೇ ತಾಲ್ಲೂಕಿನವರು. ಅವರ ಕಥೆಗಳ ನಿರೂಪಕ ದನಿ ಏರಿಸುವುದಿಲ್ಲ. ಕೇಡನ್ನೂ ಸಮಾಧಾನದಿಂದಲೇ ಹೇಳುತ್ತಾನೆ. ಆ ದನಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಓದಿ ಬೆಳೆದ ನಾವು ಸಮಾಧಾನವನ್ನೇ ಒಳ್ಳೆಯತನದ ಗುರುತಾಗಿ ಹಿಡಿದುಬಿಟ್ಟಿದ್ದೇವೆ. ಹಾಗಾಗಿ ಕೂಗಾಟವಿಲ್ಲದ ಕಡೆ ಹಿಂಸೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಕ್ರೈಸ್ತರ ಧಾರ್ಮಿಕ ಪುಸ್ತಕಗಳನ್ನು ಸುಟ್ಟವರು, ತಾವು ಹಿಂಸೆ ಮಾಡಿಲ್ಲವೆಂದೇ ಸಮರ್ಥಿಸಿಕೊಂಡರೆಂದು ವರದಿಯಾಗಿತ್ತು. ರಕ್ತ ಕಾಣದಿದ್ದರೆ ಹಿಂಸೆ ಇಲ್ಲ ಎಂಬ ಲೆಕ್ಕ ಅದು.

ರಕ್ತ, ಬೆಂಕಿ ಎರಡೂ ಕಂಡ ಕಡೆ ಏನಾಯಿತು? ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಅದಕ್ಕೂ ಮುಂಚೆ ಮೇಲ್ಜಾತಿಯ ಒಬ್ಬನ ಸಾವಾಗಿತ್ತು, ಆದ್ದರಿಂದ ಅದು ‘ಹಳೇ ವೈಷಮ್ಯ’, ‘ಸೇಡು’ ಎನ್ನುವವರಿದ್ದಾರೆ. ಸಿಟ್ಟು ಇತ್ತು, ಒಪ್ಪೋಣ. ಆದರೆ ಬೆಂಕಿ ಒಂದು ದಿನದ್ದು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ 46 ಆರೋಪಿಗಳನ್ನೂ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಷ್ಟು ವರ್ಷ ಬಾಯಿ ಕಟ್ಟಿದ್ದು ಸಿಟ್ಟಲ್ಲ. ಬಡವನ ಕೂಲಿ, ನೀರು, ನಡೆಯುವ ದಾರಿ ಎಲ್ಲವೂ ಇನ್ನೊಬ್ಬರ ಕೈಯಲ್ಲಿರುವ ಕಡೆ ನಿಜ ಹೇಳುವುದು ಎಷ್ಟು ದುಬಾರಿ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಇಲ್ಲಿ ನನಗೆ ದೇವನೂರ ಮಹಾದೇವರ ‘ಕುಸುಮಬಾಲೆ’ ನೆನಪಾಗುತ್ತದೆ. ಅದು ಕೋಲಾರದ ಸೀಮೆಯದಲ್ಲ, ಮೈಸೂರು ಸೀಮೆಯದು. ಮೇಲ್ಜಾತಿಯ ಹೆಣ್ಣಿನ ಜೊತೆಗಿನ ಸಂಬಂಧಕ್ಕೆ ದಲಿತ ಯುವಕ ಚೆನ್ನ ಕೊಲೆಯಾಗುತ್ತಾನೆ. ಕಾದಂಬರಿಯಲ್ಲಿ ಜೋತಮ್ಮರು ಮಾತಾಡುತ್ತಾರೆ, ಮಂಚ ಮಾತಾಡುತ್ತದೆ. ಇದನ್ನು ಜನಪದ ಸೊಗಸು, ಮಾಂತ್ರಿಕ ವಾಸ್ತವ ಎಂದೆಲ್ಲ ಮೆಚ್ಚಿದ್ದೇವೆ. ಕಂಬಾಲಪಲ್ಲಿಯ ತೀರ್ಪಿನ ನಂತರ ನಾನು ಅದನ್ನು ಬೇರೆ ಥರ ಓದುತ್ತೇನೆ: ಮನುಷ್ಯರು ಸಾಕ್ಷಿ ಹೇಳಲಾಗದ ಊರಿನಲ್ಲಿ ದೀಪವೂ ಮಂಚವೂ ಸಾಕ್ಷಿಗೆ ನಿಲ್ಲಬೇಕಾಗುತ್ತದೆ. ಒಬ್ಬ ಖಳನನ್ನು ತೋರಿಸಿ ನಮ್ಮ ಮನಸ್ಸು ಹಗುರ ಮಾಡುವ ಕಥೆಗಳಿಗಿಂತ ಈ ಕೃತಿ ದೊಡ್ಡದಾಗುವುದು ಇದೇ ಕಾರಣಕ್ಕೆ.

ಕಾನೂನು ಈ ವಿಷಯದಲ್ಲಿ ನಮ್ಮ ವಿಮರ್ಶೆಗಿಂತ ಮುಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಒಂದು ಕಠಿಣವಾದ ಕಲಮು, ಜಾತಿಯ ಕಾರಣಕ್ಕಾಗಿಯೇ ಅಪರಾಧ ನಡೆಯಿತೆಂದು ಸಾಬೀತಾಗಬೇಕು ಎನ್ನುತ್ತಿತ್ತು. ಅಂದರೆ ಅಪರಾಧಿಯ ಮನಸ್ಸಿನೊಳಗೆ ಇಣುಕಬೇಕಿತ್ತು. 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಎದುರಿನವನ ಜಾತಿ ಗೊತ್ತಿದ್ದು ಅಪರಾಧ ಮಾಡಿದ್ದರೆ ಸಾಕು. ಸಾಮಾಜಿಕ ಬಹಿಷ್ಕಾರವೂ ಆಗ ಅಪರಾಧಗಳ ಪಟ್ಟಿಗೆ ಸೇರಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಠವಿದೆ. ಇಂಥ ಸುದ್ದಿಯನ್ನೋ ಕಥೆಯನ್ನೋ ಓದುವಾಗ ‘ಅವರಿಗೆ ಯಾಕೆ ಅಷ್ಟು ಸಿಟ್ಟು ಬಂತು?’ ಎಂದು ಕೇಳುವ ಅಭ್ಯಾಸ ನಮ್ಮದು. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ದಂಡದ ಮೊತ್ತ ಗೊತ್ತು ಮಾಡುವಾಗ ಯಾರ್‍ಯಾರು ಕೂತಿದ್ದರು, ಅವರಲ್ಲಿ ಎಷ್ಟು ಮಂದಿ ಸುಮ್ಮನಿದ್ದರು ಎಂದು ಕೇಳಿ ನೋಡಬೇಕು.